ಕಾರ್ಬನ್ ಹಾಳೆ

ಸಾಗರದ ತಾಲ್ಲೂಕು ಕಚೇರಿ ಎದುರು, ಹೊಂಗೆ ಮರದ ಕೆಳಗೆ
ಇಪ್ಪತ್ತಾರು ವರ್ಷದಿಂದ ಊರಿನ ದೂರು ಕುಟ್ಟುತ್ತಿದ್ದೇನೆ.
ನನ್ನ ಯಂತ್ರದಲ್ಲಿ ‘ಳ’ ಅರ್ಧವೇ ಮೂಡುತ್ತದೆ,
ಉಳಿದರ್ಧವನ್ನು ಸಾಹೇಬರು ಊಹಿಸಿಕೊಳ್ಳುತ್ತಾರೆ.

ಸೋಮವಾರ ಪೇಟೆಗೆ ಪೇಟೆಯೇ ಎದ್ದು ಬಂತು.
ಚಂದ್ರಪ್ರಭಾ ಟಾಕೀಸು ಕೆಡವುತ್ತಾರಂತೆ,
ಆ ಜಾಗದಲ್ಲಿ ನಾಲ್ಕಂತಸ್ತು, ಒಳಗೆ ತಣ್ಣನೆ ಗಾಳಿ,
ಉಪ್ಪಿನಿಂದ ಹಿಡಿದು ಒಳಚಡ್ಡಿ ತನಕ ಒಂದೇ ಸೂರಿನಡಿ.
‘ಬರಿ ಮಾರಾಯ, ಖಾರವಾಗಿ ಬರಿ’
ಅಂದರು ಮಾಬ್ಲ ಶೇಟರು, ಎದೆ ನೀವಿಕೊಳ್ಳುತ್ತ.
ಬಾಳೆಹಣ್ಣಿನ ಈರಪ್ಪ, ಬಳೆಯಂಗಡಿ ಜುಲೇಖಾಬಿ,
ಕೊಡೆ ರಿಪೇರಿಯ ಡಿಯೋಗ,
ಒಬ್ಬೊಬ್ಬರೂ ಒಂದೊಂದು ಸಾಲು ಕೊಟ್ಟರು:
ಅವರು ಕಾಲು ಕೆಜಿ ಬೆಲ್ಲ ಒಡೆದು ಕೊಡುತ್ತಾರಾ?
ಸಾವಾದ ಮನೆಗೆ ರಾತ್ರಿ ಎರಡಕ್ಕೆ
ಬಾಗಿಲು ತೆಗೆದು ಊದುಬತ್ತಿ ಕೊಡುತ್ತಾರಾ?
ಒಳ್ಳೆಯ ಸಾಲುಗಳು. ಕುಟ್ಟುವಾಗ ನನ್ನ ಬೆರಳೂ ಬಿಸಿಯಾಯಿತು.
‘ಸಾಗರದ ಸಮಸ್ತ ನಾಗರಿಕರು’ ಎಂದು ಮುಗಿಸಿದೆ.
ನಾನೂರ ಹನ್ನೆರಡು ಸಹಿ,
ಒಂದು ತೀರಿಹೋದವರದ್ದೆಂದು ಆಮೇಲೆ ಗೊತ್ತಾಯಿತು.
ಕುಟ್ಟಿದ ಕೂಲಿ ಯಾರೂ ಕೊಡಲಿಲ್ಲ.
‘ನಮ್ಮೆಲ್ಲರ ಕೆಲಸ ಅಲ್ದನಾ’ ಅಂದರು. ಹೌದು ಅಂದೆ.

ದ್ಯಾವಮ್ಮ ಮಾತ್ರ ಪೆನ್ನು ಮುಟ್ಟಲಿಲ್ಲ.
ಬೆಳಗಿನ ಐದಕ್ಕೆ ಪೇಟೆಬೀದಿ ಗುಡಿಸುವವಳು,
ಅವಳ ಪೊರಕೆ ಸದ್ದಿಗೇ ಆ ಅಂಗಡಿಗಳು ಏಳುವುದು.
‘ಶೇಟರ ಉದ್ರಿ ಪುಸ್ತಕದಾಗೆ ನನ್ನ ಹೆಸರು
ಹೆಂಗೆ ಬರ್ದಿದಾರೆ, ಓದಿ ಬರ್ರಿ.
ಸಹಿ ಆಮೇಲೆ.’

ಹೋದೆ. ಕೆಂಪು ರಟ್ಟು, ಮೇಲೆ ಅರಿಶಿನದ ಬೆರಳಚ್ಚು.
ಹಾಳೆ ತಿರುವಿದೆ. ಅಂಚೆ ಸಾಹೇಬರು. ಗಂಗಾಧರ ಮೇಷ್ಟರು.
ಬಸ್ಸಿನ ಗೌಡರು, ಬೈಸೆಯ ಭಟ್ಟರು.
ಎಲ್ಲರಿಗೂ ಬಹುವಚನದಲ್ಲೇ ಸಾಲ.
ಕೆಳಗೆ: ‘ಕಸದ ದ್ಯಾವಿ, ಅಕ್ಕಿ ಹತ್ತು ಕೆಜಿ, ಬಾಕಿ 340.’
ಲಾಕ್‌ಡೌನಿನ ತಿಂಗಳು ಅದು. ಊರೇ ಬಾಗಿಲು ಹಾಕಿದಾಗ
ಹಿಂಬಾಗಿಲಿಂದ ಕೊಟ್ಟ ಅಕ್ಕಿ.
ಕೊಟ್ಟದ್ದೂ ನಿಜ, ಬರೆದದ್ದೂ ನಿಜ.
‘ಎಂತ ಹುಡುಕ್ತೀಯ?’ ಶೇಟರು ಕನ್ನಡಕ ಏರಿಸಿದರು.
ಎಂತ ಇಲ್ಲ ಅಂದೆ.

ಇಳಿಯುವಾಗ ಮೊದಲ ಸಲ ಮೆಟ್ಟಿಲು ಎಣಿಸಿದೆ: ಮೂರು.
ಅವಳು ನಿಲ್ಲುವುದು ಮೂರರ ಕೆಳಗೆ, ಸೆರಗೊಡ್ಡಿ.
ಪೊಟ್ಟಣ ಮೇಲಿಂದ ಬೀಳುತ್ತದೆ.
ಮೇಲೆ ನಿಂತು ನಾನು ಎಷ್ಟು ಸಲ
ಕಾಫಿಪುಡಿ ಮೂಸಿ ನೋಡಿ ಕೊಂಡಿದ್ದೇನೆ.
ನಾನೂ ಇಲ್ಲಿಯ ತನಕ ‘ಅವಳು’ ಎಂದೇ ಬಂದಿದ್ದೇನೆ.

ಅರ್ಜಿ ಒಳಗೆ ಹೋಯಿತು, ಸೀಲು ಬಿತ್ತು.
ಅದಕ್ಕೂ ಮುಂಚೆ ‘ಸಮಸ್ತ’ದ ಮೇಲೆ
ಒಂದು ಅಡ್ಡಗೀಟು ಎಳೆಯೋಣವೆಂದು ಬೆರಳೆತ್ತಿದ್ದೆ.
ಇಳಿಸಿದೆ. ಹಾಗೇ ಹೋಯಿತು.

ಗುರುವಾರ ದ್ಯಾವಮ್ಮ ಬಂದರು. ಹಿಂದೆ ಮಗಳು,
ಪಿಯುಸಿ ಪಾಸು, ತೊಳೆದ ಚಪ್ಪಲಿ.
‘ಆ ಹೊಸ ಅಂಗ್ಡಿಯಾಗೆ ಬಿಲ್ ಹೊಡೆಯೋ ಕೆಲಸ ಐತಂತೆ.
ಇವಳಿಗೊಂದು ಅರ್ಜಿ ಕುಟ್ಟಿಕೊಡ್ರಿ.’
ಸಂಬಳ ಕಡಿಮೆ, ದಿನವಿಡೀ ನಿಂತೇ ಇರಬೇಕು ಅಂದೆ.
‘ನಿಂತು ರೂಢಿ ಐತೆ ನಮಗೆ.
ಇವಳು ಒಳಗೆ ನಿಂತ್ಕತಾಳೆ.’

ಹೊಸ ಕಾರ್ಬನ್ ಇರಲಿಲ್ಲ, ಮೊನ್ನೆಯದನ್ನೇ ತುರುಕಿದೆ.
ಹೆಸರೇನಮ್ಮ? ಮಂಗಳ.
ನನ್ನ ಯಂತ್ರಕ್ಕೆ ಅರ್ಧವೇ ಬರುವ ಅಕ್ಷರ.
ಉಳಿದರ್ಧ ಪೆನ್ನಿನಲ್ಲಿ ತಿದ್ದಿದೆ, ಸಾಹೇಬರಿಗೆ ಬಿಡದೆ.
ಮುಗಿಸಿ, ಕಾರ್ಬನ್ ಎತ್ತಿ ಬಿಸಿಲಿಗೆ ಹಿಡಿದರೆ
‘ಬೀದಿಪಾಲಾಗುತ್ತೇವೆ’ ಎಂಬಲ್ಲಿ ‘ದಯಮಾಡಿ ಕೆಲಸ’,
‘ಸಮಸ್ತ’ದ ಹೊಟ್ಟೆಯೊಳಗೆ ‘ತಾಯಿ ದ್ಯಾವಮ್ಮ’.
ಎರಡರಲ್ಲಿ ಒಂದೂ ಓದಲು ಬರುತ್ತಿರಲಿಲ್ಲ.

ಅವರು ಸೆರಗಿನ ಗಂಟು ಬಿಚ್ಚಿ
ಮೇಜಿನ ಮೇಲೆ ನಲವತ್ತು ರೂಪಾಯಿ ಇಟ್ಟರು.
ಇರಲಿ, ಆಮೇಲೆ ಕೊಡಿ ಅಂದೆ.
‘ಉದ್ರಿ ಬ್ಯಾಡ’ ಅಂದರು.